ಗಾಜು ಊದಿದವರು

ನಮ್ಮ ಹಿಂದಿನ ಕವಿಗಳಿಗೆ ಗಾಜಿನ ಮೇಲೆ ಅಷ್ಟೇನೂ ಗೌರವವಿದ್ದಂತೆ ತೋರುವುದಿಲ್ಲ. ಸಂಸ್ಕೃತದ ಸುಭಾಷಿತಕಾರನಿಗೆ ಮಣಿಯ ಬೆಲೆಯನ್ನು ಎತ್ತಿ ಹೇಳಬೇಕಾದಾಗ, ಪಕ್ಕದಲ್ಲಿಟ್ಟು ಹೀಯಾಳಿಸುವುದಕ್ಕೆ ಒಂದು ವಸ್ತು ಬೇಕಾಗಿತ್ತು; ಬಡಪಾಯಿ ಕಾಚವು ಕೈಗೆ ಸಿಕ್ಕಿತು. ತರಗತಿಯಲ್ಲಿ ಈ ಹೋಲಿಕೆಯನ್ನು ವಿವರಿಸುವಾಗಲೆಲ್ಲ ನನಗೊಂದು ತುಂಟ ಯೋಚನೆ ಬರುವುದುಂಟು: ಆ ಮಹಾಶಯನ ಮೂಗಿನ ಮೇಲೆ ಕನ್ನಡಕವೊಂದು ಕುಳಿತಿದ್ದರೆ ಹೀಗೆ ಬರೆಯುತ್ತಿದ್ದನೆ? ಮಣಿಯಿಲ್ಲದೆ ಬಾಳಿದವರು ಕೋಟಿಗಟ್ಟಲೆ ಇದ್ದಾರೆ. ಗಾಜಿಲ್ಲದೆ ನಾನಂತೂ ಹಾಜರಿಯ ಪುಸ್ತಕವನ್ನು ಕೂಡ ಓದಲಾರೆ.

ಗಾಜಿಗೆ ಆದ ಅವಮಾನಕ್ಕೆ ಲಂಡನ್ನಿನಲ್ಲಿ ಒಂದು ಪ್ರಾಯಶ್ಚಿತ್ತವಾಯಿತೆನ್ನಬೇಕು. 1851ರ ಮೇ 1ರಂದು ಅಲ್ಲಿನ ಹೈಡ್ ಪಾರ್ಕಿನಲ್ಲಿ ನಾನಾ ದೇಶಗಳ ಕೈಗಾರಿಕಾ ವಸ್ತುಗಳ ಮಹಾಪ್ರದರ್ಶನ ತೆರೆಯಿತು. ಯಂತ್ರಗಳು, ರೇಷ್ಮೆಗಳು, ರತ್ನಗಳು ಎಲ್ಲವೂ ಬಂದಿದ್ದವು. ಆದರೆ ಜನ ಬಾಯ್ದೆರೆದು ನೋಡಿದ್ದು ಅವನ್ನೆಲ್ಲ ಒಳಗಿಟ್ಟುಕೊಂಡಿದ್ದ ಕಟ್ಟಡವನ್ನು. ಆ ಕಟ್ಟಡಕ್ಕಾಗಿ 245 ನಕ್ಷೆಗಳು ಬಂದು, ಒಂದೂ ಒಪ್ಪಿಗೆಯಾಗದೆ ಸಮಿತಿಯವರು ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ, ಡ್ಯೂಕ್ ಒಬ್ಬನ ತೋಟವನ್ನು ನೋಡಿಕೊಳ್ಳುತ್ತಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ರೈತನ ಮಗ ಮುಂದೆ ಬಂದ. ಸಭೆಯೊಂದರಲ್ಲಿ ಕುಳಿತು ಶಾಯಿ ಹೀರುವ ಕಾಗದದ ಮೇಲೆ ಅವನು ಗೀಚಿದ ಚಿತ್ರವೇ ಸ್ಫಟಿಕದ ಅರಮನೆಗೆ ಮೂಲ. ತಾವರೆಯ ಜಾತಿಯ ಗಿಡಕ್ಕೆ ಗಾಜಿನ ಮನೆ ಕಟ್ಟಿ ಪಳಗಿದ ಕೈ. ಅದನ್ನೇ 1,848 ಅಡಿ ಉದ್ದಕ್ಕೆ ಹಿಗ್ಗಿಸಿದ.

ಇದಕ್ಕೆ ಮೊದಲಾಗಿದ್ದರೆ ಆಗುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ 1845ರವರೆಗೆ ಗಾಜಿನ ಮೇಲೆ ಭಾರಿ ಸುಂಕವಿತ್ತು. ಮನೆಯ ಕಿಟಕಿಗಳನ್ನು ಎಣಿಸಿ ಹಾಕುತ್ತಿದ್ದ ತೆರಿಗೆ ಹೋದದ್ದು 1851ರಲ್ಲಿಯೇ. ಬೆಳಕಿಗೂ ಕಂದಾಯ ಕಟ್ಟಿದ ಜನ ಅವರು!

ಅರಮನೆಗೆ ಬೇಕಾದ ಸುಮಾರು ಮೂರು ಲಕ್ಷ ಹಲಗೆಗಳನ್ನು ಒದಗಿಸಿದವರು ಬರ್ಮಿಂಗ್‌ಹ್ಯಾಮಿನ ಬಳಿಯ ಸ್ಮೆದಿಕ್ ಊರಿನ ಚಾನ್ಸ್ ಸೋದರರು. ವಾಚಕರು ಇಲ್ಲೊಂದು ಕ್ಷಣ ನಿಲ್ಲಬೇಕು. ಇಂದು ಕಿಟಕಿಯ ಗಾಜೆಂದರೆ ಯಂತ್ರದಿಂದ ಹರಿದು ಬಂದ ಹಾಳೆಯೆಂದು ನಾವು ತಿಳಿಯುತ್ತೇವೆ. ಅಂದು ಹಾಗಲ್ಲ. ಒಂದೊಂದು ಹಲಗೆಯೂ ಒಬ್ಬ ಮನುಷ್ಯನ ಉಸಿರಿನಿಂದ ಹುಟ್ಟಬೇಕಾಗಿತ್ತು. ಕುಲುಮೆಯಲ್ಲಿ ಕರಗಿ ಜೇನಿನಂತಾದ ಗಾಜನ್ನು ಕೆಲಸಗಾರನು ಕಬ್ಬಿಣದ ಊದುಗೊಳವೆಯ ತುದಿಗೆ ಮುದ್ದೆಯಾಗಿ ಸುತ್ತಿಕೊಳ್ಳುತ್ತಿದ್ದ. ಆಳವಾದ ಹಳ್ಳದ ಅಂಚಿನಲ್ಲಿ ಅಟ್ಟಣೆಯ ಮೇಲೆ ನಿಂತು ಅದನ್ನು ಊದುವುದು, ಗಡಿಯಾರದ ಲೋಲಕದಂತೆ ತೂಗುವುದು, ಮತ್ತೆ ಬೆಂಕಿಗೆ ಹಿಡಿಯುವುದು, ಮತ್ತೆ ಊದುವುದು. ತನ್ನ ಭಾರಕ್ಕೆ ತಾನೇ ಇಳಿದು ಗಾಜು ಉದ್ದನೆಯ ಪೊಳ್ಳು ಕಂಬವಾಗುತ್ತಿತ್ತು. ಎರಡು ತುದಿಗಳನ್ನೂ ಕತ್ತರಿಸಿ, ಉದ್ದಕ್ಕೆ ಸೀಳಿ, ಇನ್ನೊಂದು ಒಲೆಯಲ್ಲಿಟ್ಟು ಮೆತ್ತಗಾದಾಗ ಚಾಪೆಯಂತೆ ಹರಡಿದರೆ, ಆಗ ಅದು ಹಲಗೆ. ತೂಗುವ ತೋಳಿಗೆ ಆಯಾಸವಾದರೆ ಗಾಜಿನ ದಪ್ಪ ತಪ್ಪುತ್ತದೆ. ಉಸಿರು ತಡೆದರೆ ಗೆರೆ ಬೀಳುತ್ತದೆ. ಈ ವಿದ್ಯೆಯನ್ನು ತನ್ನ ಕಾರ್ಖಾನೆಯಲ್ಲಿ ನೆಲೆಗೊಳಿಸಲು ಲೂಕಸ್ ಚಾನ್ಸ್ 1832ರಲ್ಲಿಯೇ ಫ್ರಾನ್ಸ್ ಬೆಲ್ಜಿಯಂಗಳ ಕಸುಬುದಾರರನ್ನು ಕರೆಸಿಕೊಂಡಿದ್ದ.

ಛಾವಣಿಗೆ ಹಲಗೆ ಕೂರಿಸಿದವರ ಸಾಹಸವೂ ಸಾಮಾನ್ಯವಲ್ಲ. ದೋಣಿಗಳ ಮೇಲೆ ಉರುಳುವ ಗಾಲಿಬಂಡಿಗಳಲ್ಲಿ ಕುಳಿತು, ಎಂಬತ್ತು ಜನ ಒಂದು ವಾರದಲ್ಲಿ 18,000 ಹಲಗೆಗಳನ್ನು ಕೂರಿಸಿದರಂತೆ.

ಒಳಗೆ ನಟ್ಟನಡುವೆ ಓಸ್ಲರ್ ಸಂಸ್ಥೆಯವರ 27 ಅಡಿ ಎತ್ತರದ ಗಾಜಿನ ಕಾರಂಜಿ. ಕಲ್ಕತ್ತೆಯಲ್ಲಿ ಮಳಿಗೆಯಿಟ್ಟು ನಮ್ಮ ದೇಶದ ಸಿರಿವಂತರಿಗೆ ದೀಪಗೊಂಚಲು ಮಾರಿದವರೂ ಇವರೇ. ಅರವತ್ತು ಲಕ್ಷ ಜನ ಪ್ರದರ್ಶನಕ್ಕೆ ಬಂದು ಹೋದರು. ಪ್ಯಾಕ್ಸ್‌ಟನ್ನನಿಗೆ ಸರ್ ಪದವಿ ಬಂತು, ನ್ಯಾಯವೇ. ಊದುಗೊಳವೆ ಹಿಡಿದವರಿಗೆ ಸಂಬಳ ಬಂತು.

ಗಾಜಿನ ಗುಣವೇ ಅಂಥದೋ ಏನೋ. ಅದು ಒಳ್ಳೆಯದಾದಷ್ಟೂ ಕಣ್ಣಿಗೆ ಬೀಳುವುದಿಲ್ಲ. ಬಟ್ಟೆ ಚೆನ್ನಾಗಿದ್ದರೆ ನೇಯ್ದವನನ್ನು ನೆನೆಯುತ್ತೇವೆ. ಗಾಜು ಚೆನ್ನಾಗಿದ್ದರೆ ಅದರಾಚೆಯ ಮರವನ್ನು ಹೊಗಳುತ್ತೇವೆ.

ಆ ಅರಮನೆಯ ವಂಶದ ಒಂದು ಕುಡಿ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಬಿತ್ತು. ಇಟ್ಟವನು ರಾಜಕುಮಾರ ಆಲ್ಬರ್ಟ್ ವಿಕ್ಟರ್. ಲಂಡನ್ನಿನ ಪ್ರದರ್ಶನಕ್ಕೆ ಬೆನ್ನೆಲುಬಾಗಿದ್ದ ಆಲ್ಬರ್ಟ್ ದೊರೆಯ ಮೊಮ್ಮಗ. ವಿಚಿತ್ರವೆಂದರೆ, ಬೇರೆಡೆಗೆ ಸಾಗಿಸಿ ಮತ್ತೆ ನಿಲ್ಲಿಸಿದ್ದ ಮೂಲ ಅರಮನೆ ಬೆಂಕಿಗೆ ಆಹುತಿಯಾದದ್ದೂ ನವೆಂಬರ್ 30ರಂದೇ, 1936ರಲ್ಲಿ. ಕಾರಂಜಿಯೂ ಅದರೊಡನೆ ಹೋಯಿತು. ನಮ್ಮದು ಉಳಿದಿದೆ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಮನೆಮಂದಿಯೊಡನೆ ಹೋದಾಗ ನಾನು ಕತ್ತೆತ್ತಿ ಸೂರನ್ನೇ ನೋಡುತ್ತ ನಿಂತಿದ್ದೆ. ಹಿಂದಿನಿಂದ ಜನ ನೂಕುತ್ತಿದ್ದರು. “ಏನೂಂದ್ರೆ, ಟಿಕೆಟ್ಟು ಕೊಟ್ಟದ್ದು ಹೂವಿಗೆ. ಸೂರು ಮನೆಯಲ್ಲೂ ಇದೆ,” ಎಂದಳು ನನ್ನಾಕೆ.

ಊದುವ ಕಾಲ ಮುಗಿಯಿತು. ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿಯ ಅಲಸ್ಟೇರ್ ಪಿಲ್ಕಿಂಗ್‌ಟನ್ ಎಂಬಾತ (ಹೆಸರು ಒಂದೇ, ಒಡೆಯರಿಗೆ ನಂಟನಲ್ಲ) ಕರಗಿದ ತವರದ ಮೇಲೆ ಕರಗಿದ ಗಾಜನ್ನು ತೇಲಿಸುವ ಉಪಾಯವನ್ನು 1952ರಲ್ಲಿ ಕಂಡುಕೊಂಡ. ಕಾರ್ಖಾನೆಯಲ್ಲಿ ಹದಿನಾಲ್ಕು ತಿಂಗಳು ಮಾರಲಾಗದ ಗಾಜೇ ಬಂತು. ಪಟ್ಟು ಬಿಡದೆ 1959ರಲ್ಲಿ ಲೋಕಕ್ಕೆ ಸಾರಿದರು. ಇಂದಿನ ಕಿಟಕಿ, ಮೋಟಾರು, ಗಗನಚುಂಬಿಗಳ ಚಪ್ಪಟೆ ಗಾಜೆಲ್ಲ ಬಹುಪಾಲು ಆ ಸಂತತಿಯೇ. 1970ರಲ್ಲಿ ಮೊದಲಾಗಿ ಜರ್ಮನಿಯ ಡ್ಯುಸೆಲ್‌ಡಾರ್ಫಿನಲ್ಲಿ ನಡೆದು ಬಂದಿರುವ ಗ್ಲಾಸ್‌ಟೆಕ್ ಮೇಳದಲ್ಲಿ ಇಂಥ ಗಾಜನ್ನು ಕೊರೆಯುವ, ಬಾಗಿಸುವ ಯಂತ್ರಗಳದೇ ಮೆರವಣಿಗೆ. ಶ್ವಾಸಕೋಶಗಳಿಗೆ ಬಿಡುವು ಸಿಕ್ಕಿತೆಂದು ನಾನು ಸಂತೋಷಪಡುತ್ತೇನೆ. ಕಸುಬು ಅಳಿಯಿತೆಂದು ಕಣ್ಣೀರಿಡುವ ರಸಿಕರು ಒಂದು ಬೆಳಗ್ಗೆ ಕುಲುಮೆಯ ಮುಂದೆ ನಿಂತು ಬರಲಿ.

ಆದರೆ ಬಿಡುವು ಎಲ್ಲರಿಗೂ ಸಿಕ್ಕಿಲ್ಲ. ನಮ್ಮ ಹಬ್ಬದ ಮಲಾರಗಳು ಬಹುಮಟ್ಟಿಗೆ ಬರುವುದು ಉತ್ತರ ಪ್ರದೇಶದ ಫಿರೋಜಾಬಾದಿನಿಂದ. ತಾಜಮಹಲಿನ ಅಮೃತಶಿಲೆ ಕಪ್ಪಾಗುವುದೆಂದು ಸುಪ್ರೀಂ ಕೋರ್ಟು 1996ರಲ್ಲಿ ಆ ಸೀಮೆಯ ಕಾರ್ಖಾನೆಗಳಲ್ಲಿ ಕಲ್ಲಿದ್ದಲನ್ನು ನಿಲ್ಲಿಸಿತು. ಒಳ್ಳೆಯದಾಯಿತು, ಕಲ್ಲಿನ ಆರೋಗ್ಯಕ್ಕಾದರೂ ಕಾನೂನು ಬಂತು. ಅಲ್ಲಿ ಗಾಜಿನ ಎಳೆಯನ್ನು ತಿರುಗುವ ಸಲಾಕೆಗೆ ಸುರುಳಿಯಾಗಿ ಸುತ್ತಿ ಕತ್ತರಿಸುತ್ತಾರೆ. ಕತ್ತರಿಸಿದ ಬಳೆಯ ಬಾಯಿ ತೆರೆದಿರುತ್ತದೆ. ಅವು ಗಂಟುಗಂಟಾಗಿ ಮನೆಗಳಿಗೆ ಹೋಗುತ್ತವೆ. ಗಾಳಿಯಾಡದ ಕೋಣೆಗಳಲ್ಲಿ, ದೀಪದ ಉರಿಯ ಮುಂದೆ ಕುಳಿತು, ಹೆಂಗಸರು ಒಂದೊಂದರ ತುದಿಗಳನ್ನೂ ಸರಿಗೂಡಿಸಿ ಬೆಸೆಯುತ್ತಾರೆ. ಫ್ಯಾನು ಹಾಕುವಂತಿಲ್ಲ, ಉರಿ ಅಲುಗುತ್ತದೆ. ಮಕ್ಕಳೂ ಪಕ್ಕದಲ್ಲಿ ಕುಳಿತು ಕಲಿತುಬಿಡುವುದುಂಟು. ಕಾರ್ಖಾನೆಗೆ ಬರುವ ಅಧಿಕಾರಿ ಅಡುಗೆಮನೆಗೆ ಬರುವುದಿಲ್ಲ.

ಕಳೆದ ಗೌರಿಹಬ್ಬದಲ್ಲಿ ಮಗಳು ಹೊಸ ಹಸಿರು ಬಳೆಯೊಂದನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. “ಅಪ್ಪಾ, ಇಲ್ಲೊಂದು ಕಡೆ ತರಿತರಿಯಾಗಿದೆ. ಅಂಗಡಿಯವನಿಗೆ ಹಿಂದಿರುಗಿಸೋಣವೆ?” ಎಂದಳು. ಬೇಡವೆಂದೆ. ಏಕೆಂದು ಕೇಳಿದಳು. ಎದುರು ಕೂರಿಸಿಕೊಂಡು ಹೇಳತೊಡಗಿದೆ. ಅಷ್ಟರಲ್ಲಿ ಒಳಗಿನಿಂದ ಆರತಿಗೆ ಕರೆ ಬಂತು.