ಮೇ ತಿಂಗಳ ಮನೆ

ಬಳೇಪೇಟೆಯಲ್ಲಿ ನಾವಿದ್ದದ್ದು ಒಂದೂವರೆ ಕೋಣೆಯಲ್ಲಿ. ಕೆಳಗೆ ಅಂಗಡಿ, ಮೇಲೆ ನಾವು. ಎದುರಿನ ವಾದ್ಯದ ಅಂಗಡಿಯಲ್ಲಿ ಕೊಳ್ಳಲು ಬಂದವರು ಯಾರಾದರೂ ಹಾರ್ಮೋನಿಯಂನ ತಿದಿ ಒತ್ತಿ ನೋಡುತ್ತಲೇ ಇರುತ್ತಿದ್ದುದರಿಂದ ನನ್ನ ಬಾಲ್ಯವೆಲ್ಲ ಸರಿಗಮದಿಂದ ಮುಂದೆ ಹೋಗದ ಒಂದು ಸಂಗೀತದಲ್ಲೇ ಕಳೆಯಿತು. ಇಂಥ ನಮಗೆ ಮರವಂತೆಯ ಹತ್ತಿರ, ಕಡಲ ಬದಿಗೆ, ಕೋಣೆ ಎಣಿಸಹೋದರೆ ಲೆಕ್ಕ ತಪ್ಪುವಷ್ಟು ದೊಡ್ಡ ಮನೆಯಿದೆ ಎಂದರೆ ಓಣಿಯ ಹುಡುಗರು ನಂಬುತ್ತಿರಲಿಲ್ಲ. ಅವರ ತಪ್ಪಲ್ಲ ಬಿಡಿ, ಮಳೆಗಾಲ ಚಳಿಗಾಲಗಳಲ್ಲಿ ನನಗೂ ಅಷ್ಟೇನೂ ನಂಬಿಕೆ ಇರುತ್ತಿರಲಿಲ್ಲ.

ಏಪ್ರಿಲ್ 10ಕ್ಕೆ ಪಾಸೋ ಫೇಲೋ ತಿಳಿದ ಮೇಲೆ ನಂಬಿಕೆ ಬರತೊಡಗುತ್ತಿತ್ತು. ಟ್ರಂಕು, ಹೋಲ್ಡಾಲು, ಅಮ್ಮನ ಪುಳಿಯೋಗರೆ ಡಬ್ಬಿ ಹೊತ್ತುಕೊಂಡು ಮೆಜೆಸ್ಟಿಕ್ಕಿಗೆ ನಡೆದೇ ಹೋಗುತ್ತಿದ್ದೆವು. ಆ ಬಸ್ ಸ್ಟ್ಯಾಂಡು ಇರುವ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆಯಿತ್ತು ಎಂದು ಅಪ್ಪಯ್ಯ ಪ್ರತಿ ಸಲವೂ ಹೇಳುತ್ತಿದ್ದರು, ನಾವು ಪ್ರತಿ ಸಲವೂ ಮೊದಲ ಬಾರಿ ಕೇಳಿದವರಂತೆ ಹೌದಾ ಅನ್ನುತ್ತಿದ್ದೆವು. ಶಿವಮೊಗ್ಗ ದಾಟುವಾಗ ನಿದ್ದೆ, ಹುಲಿಕಲ್ ಘಾಟಿಯ ತಿರುವುಗಳಲ್ಲಿ ವಾಂತಿ, ಸಿದ್ದಾಪುರ ಬರುವಷ್ಟರಲ್ಲಿ ಕಿಟಕಿಯಿಂದ ಒದ್ದೆ ಗಾಳಿ. ಕುಂದಾಪುರದಲ್ಲಿ ಬಸ್ಸು ಬದಲಿಸಿ, ತ್ರಾಸಿ ದಾಟಿದರೆ ಎಡಗಡೆ ಅರಬ್ಬೀ ಸಮುದ್ರ, ಬಲಗಡೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ, ರಸ್ತೆಯ ಮೇಲೆ ನಾವು. ಯಾವ ಕಡೆ ನೋಡಬೇಕೆಂದು ತಿಳಿಯದೆ ಕುತ್ತಿಗೆ ನೋಯುತ್ತಿತ್ತು.

ಮನೆ ಮುರಕಲ್ಲಿನದು, ಗೋಡೆ ಮೊಳಕ್ಕಿಂತ ದಪ್ಪ. ಮಾಡಿಗೆ ಮಂಗಳೂರು ಹೆಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಮುಳಿಹುಲ್ಲಿನ ಮಾಡುಗಳೆಲ್ಲ ಒಂದೊಂದಾಗಿ ಕೆಂಪಾದವಲ್ಲ, ಆ ಪೈಕಿ ನಮ್ಮದೂ ಒಂದು. ನಡುನಡುವೆ ಗಾಜಿನ ಹೆಂಚು. ಮಧ್ಯಾಹ್ನ ಅದರಿಂದ ಇಳಿಯುವ ಬಿಸಿಲಿನ ಕೋಲಿನಲ್ಲಿ ದೂಳಿನ ಕಣ ಹಿಡಿಯುವುದು ನಮಗೆ ದೊಡ್ಡ ಕಸುಬು. ಒಳಗೆ ಹೊಕ್ಕರೆ ಮೊದಲು ಮೂಗಿಗೆ ಬಡಿಯುತ್ತಿದ್ದದ್ದು ಅಟ್ಟದ ಮೇಲಿನ ಒಣಕೊಬ್ಬರಿ, ಭರಣಿಯ ಮಿಡಿ ಉಪ್ಪಿನಕಾಯಿ, ಬಚ್ಚಲೊಲೆಯಲ್ಲಿ ಉರಿಯುವ ತೆಂಗಿನ ಸೋಗೆ, ಹಿತ್ತಿಲಲ್ಲಿ ಬಿದ್ದು ಕೊಳೆಯುವ ಗೇರುಹಣ್ಣು, ಇವೆಲ್ಲದರ ಮೇಲೆ ಉಪ್ಪುಗಾಳಿ. ಒಂದೂವರೆ ಕೋಣೆಯಿಂದ ಬಂದವರಿಗೆ ಅಲ್ಲಿ ಕೋಣೆಗಳೇ ಬೇಡವಾಗಿದ್ದವು ನೋಡಿ. ಮೊಮ್ಮಕ್ಕಳೆಲ್ಲ ಚಾವಡಿಯಲ್ಲಿ ಒಂದೇ ಉದ್ದನೆಯ ಚಾಪೆಯ ಸಾಲಿನಲ್ಲಿ ಮಲಗಿ, ಯಾರ ಕಾಲು ಯಾರ ಮೇಲೆಂದು ಜಗಳವಾಡಿ, ಕಡಲಿನ ಮೊರೆತಕ್ಕೆ ಮೊದಲ ರಾತ್ರಿ ನಿದ್ದೆ ಬಾರದೆ, ಎರಡನೆಯ ರಾತ್ರಿಯಿಂದ ಅದಿಲ್ಲದೆ ನಿದ್ದೆ ಬಾರದೆ, ಬೆಳಗ್ಗೆ ಕುಚ್ಚಲಕ್ಕಿ ಗಂಜಿಗೆ ಏಳುತ್ತಿದ್ದೆವು. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುವಾಗ ಕಾಗೆ ಕಾಯುವ ಕೆಲಸ ನನ್ನದು. ಕಾಗೆಗಿಂತ ನಾನೇ ಹೆಚ್ಚು ತಿನ್ನುತ್ತೇನೆಂದು ಅಮ್ಮಮ್ಮನಿಗೆ ಗೊತ್ತಿತ್ತು, ಆದರೂ ನನ್ನನ್ನೇ ಕೂರಿಸುತ್ತಿದ್ದರು. "ಕಡ್ಲಿಗ್ ಹೋಪುಕಾಗ ಕಾಣಿ" ಎಂದು ಅವರು ಕೂಗುವುದೂ, ನಾವು ಅಷ್ಟರಲ್ಲಿ ಮರಳಿನಲ್ಲಿರುವುದೂ ದಿನಚರಿ. ಎಲ್ಲಾದರೂ ಮಾರಣಕಟ್ಟೆ ಮೇಳದ ಆಟವಿದ್ದರೆ ಚಾಪೆ ಸುತ್ತಿಕೊಂಡು ಹೊರಟು, ಚೌಕಿಯ ಬಣ್ಣದ ವಾಸನೆ ಮೂಸಿ, ರಾಕ್ಷಸ ಬರುವ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗುತ್ತಿದ್ದೆವು.

ಅಷ್ಟು ದೊಡ್ಡ ಮನೆ ಯಾವುದರ ಮೇಲೆ ನಿಂತಿತ್ತೆಂದು ಆಗ ಯಾರು ಯೋಚಿಸಿದ್ದರು! ನಮ್ಮ ಸೀಮೆಯ ಗಂಡಸರು ಬೆಂಗಳೂರಿಗೆ ಬಂದದ್ದು ಹೋಟೆಲಿಗಾಗಿ. ಕೋಟದ ಬದಿಯ ಮಯ್ಯರು 1924ರಲ್ಲಿ ಹೋಟೆಲು ಇಟ್ಟರು, 1943ರಲ್ಲಿ ಉರಾಳರು ಗಾಂಧಿಬಜಾರಿನಲ್ಲಿ ವಿದ್ಯಾರ್ಥಿ ಭವನ ತೆರೆದರು. ಅವರಿಗೆಲ್ಲ ಹೆಸರು ಬಂತು. ಅವರ ಹಿಂದೆಮುಂದೆ, ಹೆಸರಿಲ್ಲದೆ, ಲೋಟ ತೊಳೆಯುವುದರಿಂದ ಶುರುಮಾಡಿ ಗಲ್ಲಾದ ತನಕ ಬಂದವರು ಎಷ್ಟೋ ಜನ. ನಮ್ಮ ಅಪ್ಪಯ್ಯ, ದೊಡ್ಡಪ್ಪಯ್ಯ ಅಂಥವರು. ಮದುವೆಯಾಗುವ ತನಕ ಹೋಟೆಲಿನ ಅಟ್ಟದಲ್ಲಿ, ಅಕ್ಕಿ ಮೂಟೆಗಳ ನಡುವೆ ಮಲಗುತ್ತಿದ್ದರು, ತಿಂಗಳು ತಿಂಗಳು ಊರಿಗೆ ಮನಿಯಾರ್ಡರು. 1974ರ ಭೂಸುಧಾರಣೆಯಲ್ಲಿ ಗೇಣಿಯ ಗದ್ದೆಗಳು ಉಳುವವರಿಗೆ ಹೋದ ಮೇಲಂತೂ (ಹೋದದ್ದು ನ್ಯಾಯವೇ ಅನ್ನಿ, ಅಜ್ಜಯ್ಯ ಮಾತ್ರ ಒಪ್ಪದೆ ಸತ್ತರು) ಆ ಮನೆಗೆ ಇದ್ದ ಆದಾಯವೆಂದರೆ ನಾಲ್ಕು ತೆಂಗಿನಮರ ಮತ್ತು ಬೆಂಗಳೂರಿನ ಮಸಾಲೆದೋಸೆ. ಅಲ್ಲಿ ಹೆಂಚು ಬದಲಾಯಿಸಲೆಂದು ಇಲ್ಲಿ ಅಟ್ಟದಲ್ಲಿ ಮಲಗಿದವರು, ಆ ಹೆಂಚಿನ ಕೆಳಗೆ ವರ್ಷಕ್ಕೊಂದು ತಿಂಗಳೂ ಪೂರ್ತಿ ಮಲಗಲಿಲ್ಲ.

ಕಾಲೇಜಿನ ದಿನಗಳಲ್ಲಿ, ಅಮ್ಮಮ್ಮನಿಗೆ ಹುಷಾರಿಲ್ಲವೆಂದು ಒಮ್ಮೆ ಆಷಾಢದಲ್ಲಿ ಹೋದೆ. ಅದು ನಮ್ಮ ಮನೆಯೇ ಅಲ್ಲ ಅನ್ನಿಸಿತು. ಜಗಲಿಗೆ ಇರಚಲು ಬಡಿಯದಂತೆ ಸೋಗೆಯ ತಟ್ಟಿ ಕಟ್ಟಿ ಹಗಲಲ್ಲೇ ಕತ್ತಲು. ಚಾವಡಿಯಲ್ಲಿ ನಾವು ಸಾಲಾಗಿ ಮಲಗುತ್ತಿದ್ದ ಜಾಗದಲ್ಲಿ ಸಾಲಾಗಿ ಹಿತ್ತಾಳೆ ಪಾತ್ರೆಗಳು, ಒಂದೊಂದಕ್ಕೂ ಮಾಡಿನಿಂದ ಒಂದೊಂದು ಸ್ವರದ ಹನಿ. ಬಟ್ಟೆ ಒಣಗುವುದು ಒಲೆಯ ಮೇಲೆ, ಹಾಸಿಗೆಗೆ ಬೂಸಲು, ಕಡಲಿಗೆ ನಮಗೆ ಗೊತ್ತಿಲ್ಲದ ಒಂದು ದನಿ. ಒಲೆಯ ಪಕ್ಕ ಕಂಬಳಿ ಹೊದ್ದು ಕೂತ ಅಮ್ಮಮ್ಮ, ಅವರ ಜೊತೆಗೆ ಚಿಕ್ಕಿ, ಇಬ್ಬರೇ. "ಹೆದ್ರಿಕೆ ಆತಿಲ್ಯಾ?" ಎಂದರೆ, "ಎಂತ ಮಾಡೂಕಾತ್ತ್" ಎಂದು ಕಾಫಿ ಕೊಟ್ಟರು. ನಾವು ಪ್ರೀತಿಸಿದ್ದು ಮೇ ತಿಂಗಳನ್ನು. ಮನೆಯನ್ನು ಕಾಯ್ದದ್ದು ಅವರಿಬ್ಬರು. ಹೀಗೆಂದು ಈಗ ಬರೆಯುವುದು ಸುಲಭ, ಆಗ ನಾನು ನಾಲ್ಕನೆಯ ದಿನವೇ ಪರೀಕ್ಷೆಯ ನೆವ ಹೇಳಿ ಬಸ್ಸು ಹತ್ತಿದ್ದೆ.

ಅವರಾದ ಮೇಲೆ ಬೀಗ. ಬೀಗ ಬಿದ್ದ ಮನೆ ಎರಡು ಮಳೆಗಾಲ ತಡೆದೀತು, ಮೂರನೆಯದಕ್ಕೆ ಗೆದ್ದಲು ಪಕ್ಕಾಸಿಗೆ ಏರುತ್ತದೆ. ಹೆದ್ದಾರಿ ಚತುಷ್ಪಥವಾಗುವಾಗ ಹಪ್ಪಳ ಒಣಗಿಸುತ್ತಿದ್ದ ಅಂಗಳ ಹೋಯಿತು. ಪಾಲಿನ ಪತ್ರಕ್ಕೆ ಸಹಿ ಹಾಕುವವರು ಮನೆಯ ಕೋಣೆಗಳಿಗಿಂತ ಹೆಚ್ಚಾಗಿದ್ದೆವು. ಒಬ್ಬ ಅಮೆರಿಕದಲ್ಲಿ, ಒಬ್ಬಳು ಪುಣೆಯಲ್ಲಿ, ಉಳಿದವರು ಬೆಂಗಳೂರಿನ ದಿಕ್ಕಿಗೊಬ್ಬರು. ಕಂಬ, ದಾರಂದ, ಗಾಜಿನ ಹೆಂಚು ಎಲ್ಲ ಬಿಚ್ಚಿ ಕೊಂಡುಹೋದರಂತೆ, ಯಾವುದೋ ರೆಸಾರ್ಟಿಗೆ. ಅಲ್ಲಿ ಅದರ ಕೆಳಗೆ ಕೂತು ಯಾರೋ ಪುನರ್ಪುಳಿ ಶರಬತ್ತು ಕುಡಿಯುತ್ತಿರಬಹುದು. ಕುಡಿಯಲಿ, ದೇಹಕ್ಕೆ ತಂಪು. ನನ್ನ ಪಾಲಿಗೆ ಬಂದ ದುಡ್ಡಿನಲ್ಲಿ ಬಚ್ಚಲಿಗೆ ಟೈಲ್ಸ್ ಹಾಕಿಸಿ, ಉಳಿದದ್ದರಲ್ಲಿ ಒಂದು ಫ್ರಿಜ್ಜು ಕೊಂಡೆ.

ಈಗ ನಮ್ಮ ಮನೆತನದ ವಾಟ್ಸಾಪ್ ಗುಂಪೊಂದಿದೆ. ಶುಭೋದಯ, ಹುಟ್ಟುಹಬ್ಬ, ಯಾರದೋ ಮೊಣಕಾಲು ಆಪರೇಶನ್ನು. ಹೋದ ತಿಂಗಳು ಪುಣೆಯವಳು ಬಾವಿ ಮನೆಯ ಯಾವ ಮಗ್ಗುಲಲ್ಲಿತ್ತು ಎಂದು ಕೇಳಿದ್ದೇ ತಡ, ಪಡು ಬದಿ ಎಂದ ಒಬ್ಬ, ಛೇ ಮೂಡು ಎಂದಳು ಇನ್ನೊಬ್ಬಳು, ಅಮೆರಿಕದವನು ಒಂದು ನಕ್ಷೆಯನ್ನೇ ಬರೆದು ಕಳಿಸಿದ, ಅದರಲ್ಲಿ ಬಾವಿ ಎರಡಿದ್ದವು. ಜಗಳ ರಾತ್ರಿ ಹನ್ನೊಂದಾದರೂ ನಿಲ್ಲಲಿಲ್ಲ. ತೆಂಕು ಬದಿ ಎಂದು ನಾನೂ ಒಂದು ಹಾಕಿದ್ದೇನೆ.