ಲಾಂಗ್‌ಬೋರ್ಡನ್ನು ತಿರುಗಿಸಿ ನೋಡಿ

ಸರ್ಫ್‌ಬೋರ್ಡ್ ಕೊಳ್ಳಲು ಹೋದವರು ಮೊದಲು ನೋಡುವುದು ಬಣ್ಣವನ್ನು, ಆಮೇಲೆ ಉದ್ದವನ್ನು. ತಿರುಗಿಸಿ ತಳ ನೋಡುವವರು ಕಡಿಮೆ. ಆದರೆ ನೀರಿನ ಜೊತೆ ವ್ಯವಹಾರ ಮಾಡುವುದು ತಳವೇ. ಆಸ್ಪತ್ರೆಯ ಫಾರ್ಮಸಿಯಲ್ಲಿ ದಿನ ಕಳೆಯುವ ನನಗೆ ಇದು ಹೊಸ ಮಾತಲ್ಲ. ಒಂದೇ ಔಷಧ ಸಾದಾ ಮಾತ್ರೆಯಾದರೆ ಬೇಗ ಕರಗುತ್ತದೆ. ನಿಧಾನವಾಗಿ ಬಿಡುವ ಹಾಗೆ ಮಾಡಿದರೆ ದಿನವಿಡೀ ಕೆಲಸ ಮಾಡುತ್ತದೆ. ಹೆಸರು ಒಂದೇ, ರೂಪ ಬೇರೆ, ಪರಿಣಾಮವೂ ಬೇರೆ.

ನನ್ನ ಊರು ಮುಲ್ಕಿಯ ಹತ್ತಿರ. ನಾವು ಚಿಕ್ಕವರಿದ್ದಾಗ ಕಡಲೆಂದರೆ ಮೀನು, ಮಳೆಗಾಲದಲ್ಲಿ ಹೆದರಿಕೆ, ಅಷ್ಟೇ. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದಾಗ ನಮ್ಮದೇ ತೀರದ ಹುಡುಗರು ಅಲೆಯ ಮೇಲೆ ನಿಂತ ಫೋಟೋಗಳು ನನ್ನ ಫೋನಿಗೆ ಬಂದವು. ನಾನು ಕಲಿತದ್ದು ಮಾತ್ರ ದುಬೈಯಲ್ಲಿ, ನಲವತ್ತು ದಾಟಿದ ಮೇಲೆ. ಈಗ ನಮ್ಮ ಸಂಘದ ಕೆಲವು ಹುಡುಗರೂ ಚಳಿಗಾಲದಲ್ಲಿ ಜುಮೇರಾದ ಸನ್‌ಸೆಟ್ ಬೀಚಿಗೆ ಬರುತ್ತಾರೆ. "ಅಣ್ಣಾ, ಯಾವ ಬೋರ್ಡ್ ತಗೊಳ್ಳೋದು?" ಎಂದು ಕೇಳುತ್ತಾರೆ. ಊರಿಗೆ ಹಣ ಕಳಿಸಿ ಉಳಿದದ್ದರಲ್ಲಿ ಕೊಳ್ಳಬೇಕಾದ ವಸ್ತು ಅದು. ಆದ್ದರಿಂದ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಲಾಂಗ್‌ಬೋರ್ಡ್ ಎಂದರೆ ಸಾಮಾನ್ಯವಾಗಿ 9 ಅಡಿ ಅಥವಾ ಅದಕ್ಕಿಂತ ಉದ್ದದ, ದುಂಡು ಮೂಗಿನ ಹಲಗೆ. ಒಮ್ಮೆ ಇಬ್ಬರು ಗೆಳೆಯರ ಎರಡು ಬೋರ್ಡುಗಳನ್ನು ಒಂದೇ ಬೆಳಿಗ್ಗೆ ಬದಲಿಸಿ ಬದಲಿಸಿ ಹತ್ತಿದೆ. ಎರಡೂ 9 ಅಡಿ 4 ಇಂಚು, ತೂಕವೂ ಹೆಚ್ಚು ಕಡಿಮೆ ಒಂದೇ. ಮೊದಲನೆಯದು ಸಣ್ಣ ಅಲೆಗೂ ಕೂಡಲೇ ಎದ್ದು ಜಾರಿತು. ಎರಡನೆಯದು ನೀರಿನೊಳಗೇ ಕೂತ ಹಾಗೆ ಸಾವಕಾಶವಾಗಿ ಹೊರಟಿತು, ಆದರೆ ಪಾದ ಒತ್ತಿದ ಕಡೆಗೆ ಮಾತು ಕೇಳುವ ಎತ್ತಿನಂತೆ ತಿರುಗಿತು. ತಿರುಗಿಸಿ ನೋಡಿದರೆ ಮೊದಲನೆಯದರ ತಳ ಚಪ್ಪಟೆ, ಎರಡನೆಯದರದ್ದು ಹೊಟ್ಟೆಯಂತೆ ಉಬ್ಬಿದ್ದು.

ಕಾರಣ ಸರಳ. ಚಪ್ಪಟೆ ತಳ ನೀರನ್ನು ಕೆಳಕ್ಕೆ ಒತ್ತುತ್ತದೆ, ನೀರು ಹಲಗೆಯನ್ನು ಮೇಲಕ್ಕೆತ್ತುತ್ತದೆ, ಬೇಗ ಜಾರುತ್ತದೆ. ಉಬ್ಬಿದ ತಳದಲ್ಲಿ ನೀರು ಎರಡೂ ಪಕ್ಕಕ್ಕೆ ಸರಿದುಹೋಗುತ್ತದೆ. ವೇಗ ಕಡಿಮೆ, ಆದರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಲೀಸಾಗಿ ವಾಲುತ್ತದೆ, ಗಾಳಿ ಕೆದಕಿದ ನೀರಿನಲ್ಲೂ ಬಡಿಯುವುದಿಲ್ಲ. ಬಾಲದ ಹತ್ತಿರ ಮಾತ್ರ ಮಗುಚಿದ ಮಾಡಿನಂತೆ ಎರಡು ಇಳಿಜಾರು ಕೊಟ್ಟರೆ ಅದಕ್ಕೆ 'ವೀ' ಎನ್ನುತ್ತಾರೆ. ಉದ್ದದ ಭಾರೀ ಹಲಗೆಯನ್ನು ತಿರುಗಿಸಲು ಅದು ನೆರವಾಗುತ್ತದೆ.

ಅಂಚಿನ ವಿಷಯ ನನಗೆ ಅರ್ಥವಾದದ್ದು ಸಿರಪ್ ಬಾಟಲಿಯಿಂದ. ದುಂಡು ಬಾಯಿಯ ಬಾಟಲಿಯಿಂದ ನಿಧಾನವಾಗಿ ಸುರಿದರೆ ಸಿರಪ್ ಕತ್ತಿಗೆ ಅಂಟಿಕೊಂಡು ಕೆಳಗೆ ಹರಿಯುತ್ತದೆ. ಬಾಯಿಯ ಅಂಚು ಚೂಪಾಗಿದ್ದರೆ ಧಾರೆ ಕತ್ತರಿಸಿದಂತೆ ಬೀಳುತ್ತದೆ. ಬೋರ್ಡಿನಲ್ಲೂ ಹಾಗೆಯೇ. ದುಂಡು ಅಂಚನ್ನು ನೀರು ಸುತ್ತಿಕೊಂಡು ಹಲಗೆಯನ್ನು ಅಲೆಯ ಗೋಡೆಗೆ ಹಿಡಿದಿಡುತ್ತದೆ. ಚೂಪು ಅಂಚಿನಲ್ಲಿ ನೀರು ಬಿಟ್ಟುಹೋಗುತ್ತದೆ, ವೇಗ ಬರುತ್ತದೆ.

ಲಾಂಗ್‌ಬೋರ್ಡಿನವರ ದೊಡ್ಡ ಆಸೆ ಮೂಗಿನ ತುದಿಗೆ ನಡೆದುಹೋಗಿ ನಿಲ್ಲುವುದು. 1965ರಲ್ಲಿ ಕ್ಯಾಲಿಫೋರ್ನಿಯಾದ ವೆಂಚುರಾದಲ್ಲಿ ಟಾಮ್ ಮೋರೆ ಎಂಬವರು ಇದಕ್ಕೆಂದೇ ಹಣದ ಬಹುಮಾನದ ಸ್ಪರ್ಧೆ ನಡೆಸಿದರು. ಮೂಗಿನ ಮೇಲೆ ಎಷ್ಟು ಸೆಕೆಂಡು ನಿಂತರೆಂದು ಗಡಿಯಾರ ಹಿಡಿದು ಎಣಿಸಿದರು. ಇಷ್ಟು ಉದ್ದದ ಹಲಗೆಯ ಒಂದು ತುದಿಯಲ್ಲಿ ಮನುಷ್ಯ ನಿಂತರೆ ಅದು ಮುಂದಕ್ಕೆ ಮಗುಚಬೇಕು. ಮಗುಚದಿರಲು ಎರಡು ಏರ್ಪಾಡುಗಳಿವೆ. ಮೂಗಿನಡಿಯಲ್ಲಿ ಬಟ್ಟಲಿನಂತೆ ತುಸು ತಗ್ಗಿರುತ್ತದೆ, ಇದು ಕಾನ್‌ಕೇವ್. ಅಲ್ಲಿ ಸಿಕ್ಕಿದ ನೀರು ಮೂಗನ್ನು ಎತ್ತುತ್ತದೆ. ಬಾಲ ಸ್ವಲ್ಪ ಮೇಲಕ್ಕೆ ಬಾಗಿರುತ್ತದೆ. ಅಲೆಯ ನೀರು ಆ ಬಾಗಿನ ಮೇಲೆ ಹರಿದು, ದುಂಡು ಅಂಚುಗಳನ್ನು ಸುತ್ತಿಕೊಂಡು ಬಾಲವನ್ನು ಕೆಳಗೆ ಹಿಡಿಯುತ್ತದೆ. ಹೆಚ್ಚಿನವರು ಮೂಗಿನ ತಗ್ಗನ್ನೇ ಹೊಗಳುತ್ತಾರೆ. ನನ್ನ ಅನುಭವದಲ್ಲಿ ಹೆಚ್ಚು ಕೆಲಸ ಮಾಡುವುದು ಬಾಲ. ಮುಂದೆ ನಿಂತವನು ಕಾಣುತ್ತಾನೆ, ಅವನನ್ನು ನಿಲ್ಲಿಸಿದ್ದು ಹಿಂದೆ ನೀರಿನಡಿಯಲ್ಲಿರುತ್ತದೆ. ನಾನು ಇಲ್ಲಿ ನೂರಾರು ಜನರಿಗೆ ಔಷಧ ಕೊಡುತ್ತೇನೆ. ಊರಲ್ಲಿ ಅಮ್ಮನ ಬಿಪಿ ಮಾತ್ರೆ ಎಣಿಸಿ ಕೊಡುವವಳು ನನ್ನ ತಂಗಿ. ಗಲ್ಫಿನಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಜ್ಞಾನ ಒಂದೇ ದಿನದಲ್ಲಿ ಬಂದದ್ದಲ್ಲ. ಹವಾಯಿಯ ಹಳೆಯ ಮರದ ಹಲಗೆಗಳಿಗೆ ಫಿನ್ ಇರಲಿಲ್ಲ. ಕಡಿದಾದ ಅಲೆಯಲ್ಲಿ ಅಗಲ ಬಾಲ ಪಕ್ಕಕ್ಕೆ ಜಾರಿಬಿಡುತ್ತಿತ್ತು. 1935ರಲ್ಲಿ ಟಾಮ್ ಬ್ಲೇಕ್ ಹಲಗೆಯಡಿಗೆ ಫಿನ್ ಜೋಡಿಸಿದರು. 1937ರಲ್ಲಿ ಹೊನೊಲುಲುವಿನ ಜಾನ್ ಕೆಲ್ಲಿ ಮತ್ತು ಗೆಳೆಯರು ಬೇರೆ ದಾರಿ ಹಿಡಿದರು: ಕೊಡಲಿಯಿಂದ ಬಾಲವನ್ನು ಕೆತ್ತಿ ಕಿರಿದಾಗಿಸಿ, ತಳಕ್ಕೆ ವೀ ಆಕಾರ ಕೊಟ್ಟರು. ಫಿನ್ ಇಲ್ಲದೆಯೇ ಹಲಗೆ ಅಲೆಯನ್ನು ಹಿಡಿದು ನಿಂತಿತು. ಇಂದಿನ ಲಾಂಗ್‌ಬೋರ್ಡಿನಲ್ಲಿ ಎರಡೂ ಸೇರಿವೆ. ಮೂಗಿಗೆ ನಡೆಯುವವರು 9-10 ಇಂಚಿನ, ನೆಟ್ಟಗೆ ನಿಂತ ಒಂದೇ ಫಿನ್ ಇಷ್ಟಪಡುತ್ತಾರೆ; ಹಿಂದಕ್ಕೆ ಬಾಗಿದ ಫಿನ್ ಉದ್ದನೆಯ ತಿರುವುಗಳಿಗೆ ಒಳ್ಳೆಯದು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಯಾವ ನೀರಿಗೆ ಇಳಿಯುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ದುಬೈಯ ಅಲೆ ಚಳಿಗಾಲದ ಶಮಾಲ್ ಗಾಳಿಯಿಂದ ಏಳುವುದು. ಸಣ್ಣದು, ಒಂದರ ಹಿಂದೆ ಒಂದು ಬೇಗ ಬರುತ್ತದೆ, ಬಲ ಕಡಿಮೆ. ಇಲ್ಲಿ ನಡುಭಾಗ ಚಪ್ಪಟೆಯಾಗಿರುವ, ಮೂಗು ಅಗಲವಾಗಿರುವ ಬೋರ್ಡ್ ಹೆಚ್ಚು ಅಲೆ ಹಿಡಿಸುತ್ತದೆ. ಒಮಾನಿನ ಅಲ್ ಅಶ್ಖರಾದಲ್ಲಿ ಜೂನಿನಿಂದ ಅಲೆ ಏಳಿಸುವುದು ನಮ್ಮ ಕರಾವಳಿಗೆ ಮಳೆ ತರುವ ಅದೇ ನೈಋತ್ಯ ಮಾರುತ. ಅಲ್ಲಿನ ಗಾಳಿಗೆ ತುಸು ಉಬ್ಬಿದ ತಳ, ಬಾಲದಲ್ಲಿ ವೀ ಇದ್ದರೆ ಹಿತ. ಊರಿನಲ್ಲಿ ಕಲಿಯಬೇಕೆಂದಿರುವವರು ಮಳೆಗಾಲ ಮುಗಿಯಲಿ; ಆಮೇಲೆ ಸಿಗುವ ಸೌಮ್ಯ ಅಲೆಗೆ ಚಪ್ಪಟೆ ತಳವೇ ಸಾಕು. ಮೂಗಿನ ಕಾನ್‌ಕೇವಿಗಾಗಿ ಮೊದಲ ವರ್ಷವೇ ಹೆಚ್ಚು ಹಣ ಕೊಡಬೇಡಿ. ಹಿಂದೆ ನಿಂತಿರುವ ತನಕ ಆ ಮೂಗು ಹೆಚ್ಚಾಗಿ ಗಾಳಿಯಲ್ಲೇ ಇರುತ್ತದೆ.

ಹಳೆಯ ಬೋರ್ಡ್ ನೋಡಲು ಹೋಗುವಾಗ ಮಕ್ಕಳ ಒಂದು ಅಡಿಯ ಸ್ಟೀಲ್ ಸ್ಕೇಲ್ ಜೊತೆಗಿರಲಿ. ಬೋರ್ಡನ್ನು ಬೋರಲು ಹಾಕಿ, ಸ್ಕೇಲನ್ನು ಅಂಚು ಊರಿ ಅಡ್ಡಲಾಗಿ ಇಡಿ. ಸ್ಕೇಲಿನಡಿ ನಡುವೆ ಬೆಳಕು ಕಂಡರೆ ಕಾನ್‌ಕೇವ್. ಎರಡೂ ತುದಿಯಲ್ಲಿ ಕಂಡರೆ ಹೊಟ್ಟೆ. ಎಲ್ಲೂ ಕಾಣದಿದ್ದರೆ ಚಪ್ಪಟೆ. ಬಾಲದ ಹತ್ತಿರ ನಡುಗೆರೆಯ ಮೇಲೆ ಸ್ಕೇಲ್ ತಕ್ಕಡಿಯಂತೆ ಆಡಿದರೆ ವೀ. ಮೂಗು, ನಡು, ಬಾಲ, ಮೂರೂ ಕಡೆ ಇಟ್ಟು ನೋಡಿ. ಬೆಲೆ ಮಾತಾಡುವುದು ಅದಾದ ಮೇಲೆ.