ಹಿಡಿಯ ಅಂಟು ಬಿಡಿಸುವ ಬಗೆ

ಚೂರಿಯ ಹಿಡಿ ಸಡಿಲಾದರೆ ಈಗ ಎಲ್ಲರ ಕೈಯೂ ಹೋಗುವುದು ಎರಡು ಕೊಳವೆಗಳ ಅಂಟಿಗೆ. ಎಪಾಕ್ಸಿ ಎಂಬ ಈ ಜಾತಿಯ ಅಂಟು ೧೯೪೬ರಲ್ಲಿ ಸ್ವಿಟ್ಜರ್ಲೆಂಡಿನಿಂದ ಲೋಕಕ್ಕೆ ಪರಿಚಯವಾದುದು. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿಗೊಳಿಸುವ ದ್ರವ. ಎರಡೂ ಕೂಡಿ ಒಣಗಿದ ಮೇಲೆ ಅದು ಹಿಂದಿನ ಸ್ಥಿತಿಗೆ ಮರಳದು. ಹಚ್ಚುವುದು ಐದು ನಿಮಿಷದ ಕೆಲಸ. ಬಿಡಿಸುವ ಪ್ರಸಂಗ ಬಂದಾಗ ಮಾತ್ರ ಗೃಹಸ್ಥರು ಒಲೆಯತ್ತ ನೋಡುತ್ತಾರೆ. ಒಲೆಯ ಮೇಲೆ ಅಂಟು ಬಿಡುವುದಕ್ಕೆ ಮೊದಲೇ ಹಿಡಿ ಕೆಡುವುದೆಂಬುದನ್ನು ಓದುಗ ಬಂಧುಗಳಿಗೆ ತಿಳಿಸಬೇಕೆಂದು ಈ ನಾಲ್ಕು ಮಾತು.

ನಾವು ಬಾಲ್ಯದಲ್ಲಿ ಓದಿದ ಮಠದಲ್ಲಿ ಓಲೆಗರಿಗಳ ಅಂಚು ಕೊಯ್ಯಲು ಒಂದು ಚೂರಿಯಿತ್ತು. ಅದಕ್ಕೆ ಎಮ್ಮೆಯ ಕೊಂಬಿನ ಹಿಡಿ. ಸತ್ತ ಎಮ್ಮೆಯ ಕೊಂಬು ಆ ಕಾಲದಲ್ಲಿ ವ್ಯರ್ಥವಾಗುತ್ತಿರಲಿಲ್ಲ. ಹೆಬ್ಬೆರಳು ಊರುವ ಕಡೆ ತಗ್ಗು ಬಿದ್ದು ನುಣುಪಾಗಿತ್ತು. ನಮಗೆ ಹಳಗನ್ನಡ ಕಲಿಸಿದ ಗುರುಗಳ ಹೆಬ್ಬೆರಳೂ ಅವರಿಗಿಂತ ಹಿಂದಿನವರದೂ ಸೇರಿ ಮಾಡಿದ ತಗ್ಗು ಅದು. ಗುರುಗಳು ಲಿಂಗೈಕ್ಯರಾದ ಮೇಲೆ ಚೂರಿ ನಮ್ಮ ಪಾಲಿಗೆ ಬಂದಿತು. ಕೆಲವು ವರ್ಷಗಳ ಹಿಂದೆ ಹಿಡಿ ಅಲುಗತೊಡಗಿದಾಗ, ನಾವು ಊರಲ್ಲಿಲ್ಲದ ಹೊತ್ತಿನಲ್ಲಿ, ಸೇವಾಭಾವದ ತರುಣನೊಬ್ಬ ಅದನ್ನು ಎಪಾಕ್ಸಿಯಿಂದ ಭದ್ರಪಡಿಸಿಟ್ಟಿದ್ದ. ಭದ್ರವೇನೋ ಆಗಿತ್ತು, ಅಲಗು ಒಂದು ಮಗ್ಗುಲಿಗೆ ವಾಲಿತ್ತು, ಹಳದಿ ಅಂಟು ಕೊಂಬಿನ ಮೇಲೆ ಹರಿದು ಆ ತಗ್ಗನ್ನೂ ತುಂಬಿತ್ತು. ನೋಡಿದ ಕಮ್ಮಾರರು, “ಶಾಸ್ತ್ರಿಗಳ, ಅಲಗು ಕೆಂಡದಾಗ ಇಡೋಣ್ರಿ, ತಾನ ಬಿಡತೈತ್ರಿ” ಎಂದರು. ನಾವು ಒಪ್ಪಲಿಲ್ಲ.

ಕೊಂಬು ನಮ್ಮ ಉಗುರು ಕೂದಲುಗಳ ಜಾತಿಯ ವಸ್ತು. ಬಾಚಣಿಗೆ ಮಾಡುವವರು ಅದನ್ನು ಕಾಯಿಸಿ, ಮೆದುವಾದಾಗ ಒತ್ತಿ, ಚಪ್ಪಟೆ ಮಾಡುತ್ತಿದ್ದರು. ಆದ್ದರಿಂದ ಕಾದ ಕೊಂಬಿನ ಹಿಡಿ ಸೊಟ್ಟಗಾಗುತ್ತದೆ, ಪದರು ಪದರಾಗಿ ಬಿಚ್ಚಿಕೊಳ್ಳುತ್ತದೆ. ಮೂಳೆಯ ಹಿಡಿಯ ಪಾಡು ಇನ್ನೂ ವಿಚಿತ್ರ. ಬಡಗಿಗಳ ಹಳೆಯ ಸರೇಸನ್ನು ತೆಗೆಯುವುದೇ ಪ್ರಾಣಿಗಳ ತೊಗಲು ಮೂಳೆಗಳನ್ನು ನೀರಿನಲ್ಲಿ ಬೇಯಿಸಿ. ಮೂಳೆಯ ಹಿಡಿಯನ್ನು ಕುದಿನೀರಿಗೆ ಹಾಕಿದವರು ಹಿಡಿಯನ್ನೇ ಅಂಟಾಗಿಸಲು ಹೊರಟಂತೆ. ಕರಿಮರ ಸೀಳುತ್ತದೆ. ದಂತದಂತೆ ಕಾಣುವ ಹಳೆಯ ಹಿಡಿಗಳಲ್ಲಿ ಕೆಲವು ಸೆಲ್ಯುಲಾಯ್ಡಿನವು. ಅವು ಬೆಂಕಿ ಸೋಕಿದರೆ ಭಗ್ಗೆಂದು ಉರಿಯುತ್ತವೆ. ಇನ್ನು ಅಲಗಿನ ಮಾತು. ಉಕ್ಕಿನ ಹದ ಸುಮಾರು ೨೦೦ ಡಿಗ್ರಿ ಸೆಲ್ಸಿಯಸ್ ದಾಟಿದರೆ ಇಳಿಯುತ್ತ ಹೋಗುತ್ತದೆ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ನೀಲಿ. ನೀಲಿಗೆ ತಿರುಗಿದ ಅಂಚಿನಲ್ಲಿ ಹರಿತ ನಿಲ್ಲದು. ಸುಟ್ಟ ಎಪಾಕ್ಸಿಯ ಹೊಗೆಯಂತೂ ಅಡುಗೆಮನೆಗೆ ಬರಬಾರದ ಹೊಗೆ.

ಬಿಡಿಸುವುದಕ್ಕೆ ಮೊದಲು ಅಂಟಿನ ಕುಲವನ್ನು ಅರಿಯಬೇಕು. ಸರೇಸಾದರೆ ಒದ್ದೆ ಬಟ್ಟೆ ಸುತ್ತಿಟ್ಟರೆ ಉಬ್ಬಿ ಸಡಿಲಾಗುತ್ತದೆ; ಬಡಗಿಗಳ ಬಿಳಿ ಅಂಟೂ ನೀರಿಗೆ ನಿಧಾನವಾಗಿ ಮೆತ್ತಗಾಗುವುದುಂಟು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ಕ್ಷಣದಲ್ಲಿ ಹಿಡಿಯುವ ನೀರಿನಂಥ ಅಂಟಿಗೆ ಅಸಿಟೋನ್ ಸಾಕು. ಉಗುರುಬಣ್ಣ ತೆಗೆಯುವ ದ್ರವಗಳಲ್ಲಿ ಅನೇಕವು ಇದೇ ಅಸಿಟೋನಿನವು. ಹೆಣ್ಣುಮಕ್ಕಳಿರುವ ಮನೆಯಲ್ಲಿ ಹುಡುಕಬೇಕಾಗಿಲ್ಲ. ಆದರೆ ಸೆಲ್ಯುಲಾಯ್ಡ್ ಹಿಡಿ ಅಸಿಟೋನಿನಲ್ಲಿ ತಾನೇ ಕರಗುತ್ತದೆ, ಬೀಟೆಯ ಮರ ಬಣ್ಣ ಬಿಡುತ್ತದೆ. ಕಾಣದ ಮೂಲೆಯಲ್ಲಿ ಒಂದು ಹನಿ ಇಟ್ಟು ನೋಡದೆ ಮುಂದುವರಿಯಬಾರದು. ಬಣ್ಣ ಕಳಚುವ ಕೆಲವು ದ್ರವಗಳಲ್ಲಿರುವ ಮಿಥಿಲೀನ್ ಕ್ಲೋರೈಡ್ ಎಪಾಕ್ಸಿಯನ್ನು ಬೇಗ ಎಬ್ಬಿಸುವುದು ನಿಜ. ಅದರ ಆವಿಯಿಂದ ಜೀವಗಳು ಹೋದುದರಿಂದ ಅಮೆರಿಕ ದೇಶವು ೨೦೧೯ರಲ್ಲಿ ಬಣ್ಣ ಕಳಚಲು ಅದನ್ನು ಗೃಹಸ್ಥರಿಗೆ ಮಾರುವುದನ್ನು ನಿಷೇಧಿಸಿತು. ಒಂದು ಚೂರಿಗಾಗಿ ಅಂಥದನ್ನು ಮನೆಯೊಳಗೆ ತರಬೇಕೆಂದು ನಾವು ಹೇಳಲಾರೆವು.

ಎಪಾಕ್ಸಿ ಅಸಿಟೋನಿನಲ್ಲಿ ಕರಗದು; ಬಹಳ ಹೊತ್ತು ತಾಗಿದರೆ ಉಬ್ಬಿ ಮೆದುವಾಗುತ್ತದೆ, ಅಷ್ಟೆ. ಆ ಅಷ್ಟನ್ನೇ ನೆಚ್ಚಿ ನಾವು ಕುಳಿತೆವು. ಹತ್ತಿ ಬಟ್ಟೆಯ ಸಣ್ಣ ಬತ್ತಿಯನ್ನು ಅಸಿಟೋನಿನಲ್ಲಿ ಅದ್ದಿ ಅಂಟಿನ ಮೇಲಷ್ಟೇ ಇಟ್ಟು, ಆವಿ ಹಾರದಂತೆ ತೊಳೆದ ಹಾಲಿನ ಪಾಕೀಟಿನ ಹಾಳೆಯನ್ನು ಸುತ್ತಿ ಕಟ್ಟುವುದು. ಒಂದು ತಾಸಿನ ಮೇಲೆ ಬಿಚ್ಚಿ ಬಿದಿರಿನ ಸೀಳಿನಿಂದ ಕೆರೆಯುವುದು. ಕೊಂಬು ಒಣಗಿ ಬಿರಿಯಬಾರದೆಂದು ಅಂದಿಗೆ ನಿಲ್ಲಿಸಿ ಎಣ್ಣೆ ಒರೆಸಿಡುವುದು. ಕಬ್ಬಿಣದ ಮೊನೆಯನ್ನು ಮುಟ್ಟಿಸಲೇ ಇಲ್ಲ. ಅಸಿಟೋನಿಗೆ ಬೆಂಕಿ ಬಲು ಬೇಗ ತಗಲುವುದರಿಂದ ಕಿಟಕಿ ತೆರೆದ ಕೋಣೆಯೇ ಆಗಬೇಕು. ದೀಪ, ಊದುಬತ್ತಿ ಯಾವುದೂ ಹತ್ತಿರ ಸಲ್ಲದು. ಆ ತರುಣನೂ ಸಂಜೆ ಬಂದು ಪಕ್ಕದಲ್ಲಿ ಕೂಡುತ್ತಿದ್ದ. ಮೊದಲ ಮೂರು ದಿನ ಏನೂ ಕಾಣಲಿಲ್ಲ. ನಾಲ್ಕನೆಯ ದಿನ ತಗ್ಗಿನೊಳಗಿನ ಅಂಟು ಬೆಲ್ಲದ ಪಾಕದ ಹೆಕ್ಕಳೆಯಂತೆ ಎದ್ದಿತು. ಹನ್ನೊಂದನೆಯ ದಿನ ಹಿಡಿ ಕೈಗೆ ಬಂದಿತು.

ಒಳಗೆ ಇಟ್ಟಿಗೆಯ ಪುಡಿ ಬೆರೆಸಿದ ಹಳೆಯ ಅರಗಿತ್ತು. ಎಪಾಕ್ಸಿ ಅದರ ಮೇಲೆಯೇ ಕುಳಿತಿತ್ತು. ಸ್ಪಿರಿಟಿನಿಂದ ಅರಗನ್ನು ತೊಳೆದಾಗ, ಅಲಗಿನ ಬಾಲಕ್ಕೆ ಬಿಗಿಯಾಗಲೆಂದು ಸುತ್ತಿದ್ದ ಓಲೆಗರಿಯ ಒಂದು ಸೀಳು ಕಂಡಿತು. ಕೆಟ್ಟ ಗರಿಯ ಅಂಚು ಇರಬೇಕು. ಮೂರು ಅಕ್ಷರಗಳ ಮೇಲಿನ ಅರ್ಧ ಮಾತ್ರ ಉಳಿದಿದೆ, ಓದಲಾಗುವುದಿಲ್ಲ. ಕೆಂಡದಲ್ಲಿ ಇಟ್ಟಿದ್ದರೆ ಒಂದು ಚಿಟಿಕೆ ಬೂದಿಯಾಗುತ್ತಿತ್ತು. ತರುಣ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ, ಮಾತನಾಡಲಿಲ್ಲ.

ಹಿಡಿಯನ್ನು ಮತ್ತೆ ಕೂಡಿಸಲು ನಾವು ಅರಗನ್ನೇ ಬಳಸಿದೆವು. ಅರಗು ೭೦ ಡಿಗ್ರಿಯ ಸುಮಾರಿಗೆ ಮೆತ್ತಗಾಗುತ್ತದೆ. ಕುದಿನೀರಿನ ಪಾತ್ರೆಯ ಮೇಲಿಟ್ಟ ಬಟ್ಟಲಿನ ಶಾಖವೇ ಅದಕ್ಕೆ ಸಾಕು, ಬೆಂಕಿ ಬೇಕಿಲ್ಲ. ಹಳಬರು ಬಳಸಿದ್ದೂ ಇಷ್ಟೇ ಬಿಸಿ. ಮುಂದೆ ಯಾರಾದರೂ ಬಿಚ್ಚಬೇಕಾದರೆ ಒಂದಿಷ್ಟು ಸ್ಪಿರಿಟಿನಿಂದ ಬಿಚ್ಚಬಹುದು. ಅಕ್ಷರವಿದ್ದ ಸೀಳನ್ನು ಮಠದ ಗ್ರಂಥಭಂಡಾರದಲ್ಲಿ ತೆಗೆದಿರಿಸಿ, ಬಾಲಕ್ಕೆ ಹೊಸ ಗರಿಯೊಂದನ್ನು ಸುತ್ತಿದೆವು. ಸುತ್ತುವ ಮೊದಲು ಆ ತರುಣನ ಕೈಗೆ ಕಂಟವನ್ನು ಕೊಟ್ಟು ಅದರ ಮೇಲೆ ಇಸವಿಯನ್ನು ಬರೆಸಿದೆವು.